ಬಾವಿ ನೀರು ಹೊಳೆ ನೀರು ಒಂದೇ ರೀ

ನಮಸ್ಕಾರ, ಕ್ಯಾಲಿಫೋರ್ನಿಯಾದಲ್ಲಿ ಕೂತು ಕೇಳ್ತಿರೋ ಕನ್ನಡದವ್ರಿಗೆಲ್ಲ. ಸಾಲ್ಮನ್ ಮೀನು ಅಂದ್ರೆ ನಿಮಗೆ ಸಮುದ್ರ ನೆನಪಾಗತ್ತೆ, ನಾನು ಮಾತಾಡಕ್ಕೆ ಬಂದಿರೋದು ಬೋರ್‌ವೆಲ್ ಬಗ್ಗೆ. ಹೇಳೋದು ಒಂದೇ ಮಾತು, ಬಾವಿ ನೀರು ಹೊಳೆ ನೀರು ಎರಡೂ ಒಂದೇ.

ರಾಜ್ಯದ ಉತ್ತರದ ತುದೀಲಿ, ಸಿಸ್ಕಿಯೂ ಕೌಂಟೀಲಿ ಸ್ಕಾಟ್ ನದಿ ಇದೆ, ಹರಿದು ಹೋಗಿ ಕ್ಲಾಮತ್ ಅನ್ನೋ ದೊಡ್ಡ ನದಿ ಸೇರತ್ತೆ. ಒಂದ್ಸಲ ಆಗಸ್ಟ್ ಕೊನೇಲಿ ಹೋಗಿದ್ದೆ, ಹೊಳೆ ಅನ್ನೋದು ಬರೀ ಕಲ್ಲು, ನಡುನಡುವೆ ನೀರಿನ ಗುಂಡಿ. ಒಂದು ಗುಂಡೀಲಿ ಬೆರಳುದ್ದದ ಕೋಹೋ ಸಾಲ್ಮನ್ ಮರಿಗಳು, ಎಲ್ಲಾ ಒಂದೇ ಮೂಲೇಲಿ ಒತ್ತೊತ್ತಾಗಿ ನಿಂತಿದ್ವು. ಯಾಕಪ್ಪಾ ಅಂತ ಅಲ್ಲೇ ಕೈ ಅದ್ದಿದ್ರೆ ಕೊರೆಯೋ ಹಂಗೆ ತಣ್ಣಗಿದೆ, ಒಂದು ಮೊಳ ಆಚೆ ಇಟ್ರೆ ಬೆಚ್ಚಗೆ! ತಳದ ಜಲ್ಲಿಯಿಂದ ಒಸರು ಬರ್ತಿತ್ತು, ನೆಲದೊಳಗಿನ ನೀರು. ಬೇಸಿಗೇಲಿ ಮಳೆ ಇಲ್ಲ, ಬೆಟ್ಟದ ಹಿಮ ಕರಗಿ ಮುಗಿದಿರತ್ತೆ, ಆಗ ಹೊಳೆ ಜೀವ ಹಿಡ್ಕೊಂಡಿರೋದು ಇದೇ ಒಸರಲ್ಲಿ. ಕೋಹೋ ಮರಿ ಸಮುದ್ರಕ್ಕೆ ಇಳಿಯೋ ಮುಂಚೆ ಒಂದು ಪೂರ್ತಿ ಬೇಸಿಗೆ ಹೊಳೇಲೇ ಕಳೀಬೇಕು.

ತಲೆ ಎತ್ತಿದ್ರೆ ದಡದಾಚೆ ಹಚ್ಚಗೆ ಕುದುರೆಮೆಂತೆ, ಅದೇ ಆಲ್ಫಾಲ್ಫಾ, ಸ್ಪ್ರಿಂಕ್ಲರ್ ಓಡ್ತಾ ಇದೆ. ರೈತ್ರು ಒಳ್ಳೆಯವ್ರು, ಕಾಫಿ ಕೊಟ್ರು, "ನಾನು ಹೊಳೆಗೆ ಪಂಪ್ ಇಟ್ಟಿಲ್ಲ, ಇದು ನನ್ನ ಬಾವಿ ನೀರು" ಅಂದ್ರು. ಅಲ್ಲ ಸ್ವಾಮಿ, ಹೊಳೆಗೆ ಬರ್ತಿದ್ದ ನೀರನ್ನ ಆ ಬಾವಿ ದಾರೀಲೇ ಹಿಡ್ಕೊಳ್ತಿದೆಯಲ್ಲ! ಎಷ್ಟು ಸಲ ಹೇಳೋದು, ಎರಡೂ ಒಂದೇ. ಮೂರು ವಾರ ಬಿಟ್ಟು ಹೋದೆ, ಗುಂಡಿನೇ ಇರ್ಲಿಲ್ಲ, ಜಲ್ಲಿ ಒಣಗಿ ಬೆಳ್ಳಗಾಗಿತ್ತು. ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗತ್ತೆ.

ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳ್ಬಿಡ್ತೀನಿ. ಅಲ್ಲಿನ ಕೋಹೋ 1997ರಿಂದ ಅಪಾಯದಲ್ಲಿರೋ ಜೀವಿಗಳ ಫೆಡರಲ್ ಪಟ್ಟೀಲಿದೆ. ಇದೇ ಸ್ಕಾಟ್ ನದಿ ಬಗ್ಗೆ ನಡೆದ ಒಂದು ಕೇಸಲ್ಲಿ 2018ರಲ್ಲಿ ರಾಜ್ಯದ ಅಪೀಲು ಕೋರ್ಟು, ಬಾವಿಯಿಂದ ನೀರೆತ್ತಿ ನದಿಗೆ ಹಾನಿ ಆಗೋದಾದ್ರೆ ಅದನ್ನೂ ಸರ್ಕಾರ ಲೆಕ್ಕಕ್ಕೆ ತಗೋಬೇಕು ಅಂತು. 2024ರಲ್ಲಿ ಕ್ಲಾಮತ್‌ನ ನಾಲ್ಕು ಡ್ಯಾಮ್ ತೆಗೆದು ಮುಗಿಸಿದ್ರು, ನಂಗೂ ಖುಷಿನೇ, ಆದ್ರೆ ಅವು ಸ್ಕಾಟ್ ಸೇರೋ ಜಾಗಕ್ಕಿಂತ ಮೇಲಿದ್ವು, ಅದ್ರಿಂದ ಸ್ಕಾಟ್‌ಗೆ ಬೇಸಿಗೆ ನೀರು ಬರಲ್ಲ. ಬರೋದು ನೆಲದಿಂದ. ಚಳಿಗಾಲದ ನೀರನ್ನ ಕುದುರೆಮೆಂತೆ ಹೊಲಕ್ಕೇ ಹಾಯಿಸಿ ಇಂಗಿಸೋ ಪ್ರಯೋಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಡೇವಿಸ್‌ನವ್ರು ಆ ಕಣಿವೇಲೇ ಮಾಡಿದಾರೆ, ಬೆಳೆಗೆ ಹೇಳ್ಕೊಳ್ಳೋ ಅಂಥ ಪೆಟ್ಟೇನೂ ಬೀಳ್ಲಿಲ್ಲ. ಅದನ್ನ ಬಿಡಿಸಿ ಹೇಳ್ಬೇಕಿತ್ತು, ಇನ್ನೊಂದ್ಸಲ ಕರೆದ್ರೆ ಅಲ್ಲಿಂದಲೇ ಶುರು ಮಾಡ್ತೀನಿ. ನಮಸ್ಕಾರ.