ಪಿಡಿಎಫ್ ಇದ್ರೆ ಕಳಿಸ್ತೀರಾ?

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ದುಡ್ಡು ಕೊಡದೆ ಬಂದ ಕನ್ನಡ ಪುಸ್ತಕವಿದೆ? ಕೈ ಎತ್ತಬೇಡಿ, ಮುಂದಿನ ಸಾಲಿನಲ್ಲಿ ಪ್ರಕಾಶಕರೊಬ್ಬರು ಕೂತಿದ್ದಾರೆ.

ಥಿಯೇಟರಿನಲ್ಲಿ ಕ್ಯಾಮೆರಾ ಬಚ್ಚಿಟ್ಟು ಸಿನಿಮಾ ಕದ್ದರೆ, ಸಿನಿಮಾ ಕಾನೂನಿಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ, ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಅದು ತಪ್ಪು ಅಂತ ಎಲ್ಲರೂ ಒಪ್ಪುತ್ತೇವೆ. ಆದರೆ 'ಸಾರ್, ಆ ಪುಸ್ತಕದ ಪಿಡಿಎಫ್ ಇದ್ರೆ ಕಳಿಸ್ತೀರಾ?' ಅಂತ ಗ್ರೂಪಿನಲ್ಲಿ ಯಾರೋ ಕೇಳಿದರೆ, ಕಳಿಸಿದವರಿಗೆ ಹತ್ತಾರು ಕೈಮುಗಿದ ಚಿತ್ರಗಳು ಬರುತ್ತವೆ. ಕನ್ನಡ ಸೇವೆ ಅಂತಲೂ ಒಬ್ಬರು ಬರೆಯುತ್ತಾರೆ.

ಈ ಸೇವೆಯ ಲೆಕ್ಕ ಸ್ವಲ್ಪ ನೋಡೋಣ. ಕನ್ನಡದಲ್ಲಿ ಹೊಸ ಪುಸ್ತಕ ಸಾಮಾನ್ಯವಾಗಿ ಅಚ್ಚಾಗುವುದು 500 ಪ್ರತಿ, ಹೆಚ್ಚೆಂದರೆ 1000. ಒಂದು ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಇರಬಹುದು. ಅಂದರೆ ಒಂದು ಸಲ ಬೆರಳು ಒತ್ತಿದರೆ ಇಡೀ ಮೊದಲ ಮುದ್ರಣ ಹಂಚಿದ ಹಾಗೆ. ಅವರೆಲ್ಲ ಕೊಳ್ಳುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಓದುತ್ತಾರೆ ಅಂತಲೂ ಹೇಳುವುದಿಲ್ಲ, ಪಿಡಿಎಫ್ ಕೂಡಿಡುವುದೇ ಒಂದು ಹವ್ಯಾಸ! ಆದರೆ ಐವತ್ತು ಜನ ಕೊಳ್ಳುವವರಿದ್ದರು ಅಂದುಕೊಳ್ಳಿ. ಇಷ್ಟು ಸಣ್ಣ ಮುದ್ರಣದಲ್ಲಿ ಐವತ್ತು ಪ್ರತಿ ಅಂದರೆ ಎರಡನೇ ಮುದ್ರಣ ಆಗುತ್ತದೋ ಇಲ್ಲವೋ ಅನ್ನುವಷ್ಟು ದೊಡ್ಡದು. ಎಷ್ಟೋ ಲೇಖಕರಿಗೆ ಗೌರವಧನ ಅಂತ ಸಿಗುವುದೇ ಕೆಲವು ಪ್ರತಿಗಳು. ಪುಸ್ತಕ ಎರವಲು ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಎರವಲು ಕೊಟ್ಟ ದಿನ ನಿಮ್ಮ ಕಪಾಟು ಖಾಲಿ ಇರುತ್ತದೆ, ಅಲ್ವಾ?

ಕೋರ್ಟೇ ಒಪ್ಪಿದೆಯಲ್ಲ ಅನ್ನುವವರೂ ಇದ್ದಾರೆ. ಅವರು ಹೇಳುವುದು ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೊಕದ್ದಮೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರಲ್ಲಿ ಹೈಕೋರ್ಟು ಪಾಠಕ್ಕೆಂದು ಪುಸ್ತಕಗಳ ಭಾಗಗಳನ್ನು ನಕಲು ಮಾಡಲು ಕಾನೂನಿನಲ್ಲೇ ಅವಕಾಶವಿದೆ ಎಂದಿತು. ಮರುವರ್ಷ ಪ್ರಕಾಶಕರು ದಾವೆ ಹಿಂದಕ್ಕೆ ಪಡೆದರು. ನನಗೆ ಆ ತೀರ್ಪು ಇಷ್ಟ. ಸಾವಿರಾರು ರೂಪಾಯಿಯ ಪುಸ್ತಕದ ಒಂದು ಅಧ್ಯಾಯಕ್ಕಾಗಿ ವಿದ್ಯಾರ್ಥಿ ಸಾಲ ಮಾಡಬೇಕಾಗಿಲ್ಲ. ಆದರೆ ಹೋದ ತಿಂಗಳು ಬಿಡುಗಡೆಯಾದ ಕಾದಂಬರಿಯನ್ನು ಗ್ರೂಪಿಗೆ ಹಾಕಲು ಅದು ರಹದಾರಿಯಲ್ಲ.

ಹಳೆಯ, ಅಂಗಡಿಯಲ್ಲಿ ಸಿಗದ ಪುಸ್ತಕದ ವಿಷಯ ಬೇರೆ. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ (ಕಾಪಿರೈಟ್) ಮುಗಿಯುತ್ತದೆ. ಬಿ.ಎಂ.ಶ್ರೀ. 1946ರಲ್ಲಿ ಹೋದರು, ಅವರು ಬದುಕಿದ್ದಾಗ ಪ್ರಕಟಿಸಿದ್ದೆಲ್ಲ ಈಗ ಎಲ್ಲರದ್ದು. ಡಿ.ವಿ.ಜಿ. ಹೋದದ್ದು 1975ರಲ್ಲಿ, ಹಾಗಾಗಿ 2035 ಮುಗಿಯುವವರೆಗೆ ಕಾಯಬೇಕು. ನಡುವೆ ಸಿಕ್ಕಿಹಾಕಿಕೊಂಡ ಪುಸ್ತಕಗಳೇ ಜಾಸ್ತಿ: ಮಾರಾಟಕ್ಕೂ ಇಲ್ಲ, ಹಂಚಲೂ ಬಾರದು. ಇಂಥದ್ದನ್ನು ನಿಮ್ಮ ಅಧ್ಯಯನಕ್ಕೆ ನಕಲು ಮಾಡಿಕೊಂಡರೆ ನಾನು ಗದರಿಸುವುದಿಲ್ಲ, ಕಾನೂನೂ ಸ್ವಂತ ಅಧ್ಯಯನಕ್ಕೆ ಒಂದಷ್ಟು ಜಾಗ ಬಿಟ್ಟಿದೆ. ಎಲ್ಲರಿಗೂ ಹಂಚಬೇಕಾದರೆ ಲೇಖಕರ ಮನೆಯವರನ್ನು ಕೇಳಿ. ನಿರಂಜನರ ಮನೆಯವರು 2014ರಲ್ಲಿ ಅವರ ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಹಂಚಿಕೊಳ್ಳಲಿ ಅಂತ, ಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನೂ ಹಾಗೇ ಕೊಟ್ಟಿತು. ನಾವು ಕೇಳುವುದೇ ಕಡಿಮೆ.

ಪ್ರಕಾಶಕರೂ ನಗಬೇಡಿ. ಪಿಡಿಎಫ್ ಕಳ್ಳರನ್ನು ಬೈಯುವ ಎಷ್ಟೋ ಪ್ರಕಾಶಕರ ಪುಸ್ತಕಗಳ ಪುಟ ಜೋಡಿಸಿದ್ದು ಡಿಟಿಪಿ ಅಂಗಡಿಯಲ್ಲಿ, ಪೇಜ್‌ಮೇಕರ್ ಅನ್ನುವ ತಂತ್ರಾಂಶದ ಕ್ರ್ಯಾಕ್ ಮಾಡಿದ, ಅಂದರೆ ದುಡ್ಡು ಕೊಡದೆ ಬೀಗ ಮುರಿದ, ಪ್ರತಿಯಲ್ಲಿ. ಅಲ್ಲಿ ಬಡತನದ ನೆಪವೂ ನಡೆಯುವುದಿಲ್ಲ. ಪುಟ ಜೋಡಿಸುವ ಸ್ಕ್ರೈಬಸ್ ಪುಕ್ಕಟೆ, ಲಿಬ್ರೆ ಆಫೀಸ್ ಪುಕ್ಕಟೆ, ಕನ್ನಡ ಟೈಪು ಮಾಡುವ ನುಡಿ ಪುಕ್ಕಟೆ. ಕಲಿಯಲು ಸ್ವಲ್ಪ ದಿನ ಬೇಕು, ಅಷ್ಟೆ.

ಇನ್ನು, ಹಂಚಲೇಬೇಕು ಅನ್ನುವ ಹುಮ್ಮಸ್ಸಿದ್ದವರಿಗೆ ಒಂದು ಕೆಲಸ ಇದೆ. ಹಕ್ಕುಸ್ವಾಮ್ಯ ಕಾನೂನಿನ 2012ರ ತಿದ್ದುಪಡಿಯ ಪ್ರಕಾರ, ಕಣ್ಣು ಕಾಣದವರಿಗಾಗಿ, ಲಾಭದ ಆಸೆಯಿಲ್ಲದೆ, ಪುಸ್ತಕವನ್ನು ಅವರು ಬಳಸಬಹುದಾದ ರೂಪಕ್ಕೆ ತಂದು ಅವರಿಗೆ ಕೊಡಬಹುದು. ಸ್ಕ್ಯಾನ್ ಮಾಡಿದ ಪುಟ ಅವರ ಫೋನಿಗೆ ಬರೀ ಚಿತ್ರ, ಓದಿ ಹೇಳಲು ಬರುವುದಿಲ್ಲ. ಚಿತ್ರವನ್ನು ಅಕ್ಷರ ಮಾಡುವಾಗ ತಪ್ಪಿದ ಒತ್ತಕ್ಷರ ತಿದ್ದಿ, ಫೋನು ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ತಂದು ಕೊಡುವವರು ಬೇಕು.