ಹನ್ನೆರಡು ಮಂದಿ ಕೇಳಿದ್ದು, ದೇಶವೆಲ್ಲ ನೋಡಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ. 1995ರ ಅಕ್ಟೋಬರ್ 3ರಂದು, ಅಲ್ಲಿನ ಸಮಯ ಬೆಳಿಗ್ಗೆ ಹತ್ತು ಗಂಟೆಗೆ, ಲಾಸ್ ಏಂಜಲಿಸ್ ನಗರದ ನ್ಯಾಯಾಲಯದಲ್ಲಿ ಗುಮಾಸ್ತೆಯೊಬ್ಬರು ಎದ್ದು ನಿಂತು, ಆರೋಪಿಯ ಪೂರ್ಣ ಹೆಸರನ್ನು ಓದುವಾಗ ತುಸು ತಡವರಿಸಿ, ಎರಡು ಕೊಲೆಗಳ ಆರೋಪದಿಂದಲೂ ಆತನನ್ನು ಬಿಡುಗಡೆ ಮಾಡುವ ಜ್ಯೂರಿಯ ತೀರ್ಪನ್ನು ಓದಿದರು. ಆರೋಪಿ ಅಮೆರಿಕನ್ ಫುಟ್‌ಬಾಲ್‌ನ ಹೆಸರಾಂತ ಆಟಗಾರ, ಆ ಬಳಿಕ ಸಿನಿಮಾ ಮತ್ತು ಜಾಹೀರಾತುಗಳಲ್ಲಿ ಮನೆಮಾತಾದ ಒ. ಜೆ. ಸಿಂಪ್ಸನ್. ಕೊಲೆಯಾದವರು ಆತನಿಂದ ವಿಚ್ಛೇದನ ಪಡೆದಿದ್ದ ನಿಕೋಲ್ ಬ್ರೌನ್ ಮತ್ತು ಆಕೆಯ ಗೆಳೆಯ ರೊನಾಲ್ಡ್ ಗೋಲ್ಡ್‌ಮನ್. ತೀರ್ಪು ಹೊರಬಿದ್ದ ಕ್ಷಣದಲ್ಲೇ ದೂರದರ್ಶನದ ಪರದೆಯ ಮೇಲೆ ಕಾಣಿಸಿದ್ದು ಎರಡು ಬಗೆಯ ಮುಖಗಳು: ಕುಣಿದು ಕೇಕೆ ಹಾಕುತ್ತಿದ್ದ ಕಪ್ಪು ಜನಾಂಗದವರದು ಒಂದು ಕಡೆ, ಬಾಯಿ ಮುಚ್ಚಿಕೊಂಡು ದಂಗಾಗಿ ನಿಂತ ಬಿಳಿಯರದು ಇನ್ನೊಂದು ಕಡೆ.

ನಾನು ಈ ಮೊಕದ್ದಮೆಯ ಬಗ್ಗೆ ಎಲ್ಲಿ ಮಾತನಾಡಿದರೂ ಜನ ಕೇಳುವುದು ಒಂದೇ ಪ್ರಶ್ನೆ: "ಅವನೇ ಕೊಂದಿದ್ದ, ಅಲ್ಲವೇ?" ದಯವಿಟ್ಟು ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಾನು ಇಂದು ಹೇಳಬೇಕಾದ ಮಾತು ಒಂದೇ, ಅದನ್ನು ಎರಡು ಮೂರು ಸಲ ಹೇಳಿದರೆ ಬೇಸರಿಸಬೇಡಿ. ದೇಶವೆಲ್ಲ ನೋಡಿದ ವಿಚಾರಣೆಯೇ ಬೇರೆ, ಹನ್ನೆರಡು ಮಂದಿ ಜ್ಯೂರಿಗಳು ಕೇಳಿದ ವಿಚಾರಣೆಯೇ ಬೇರೆ. ಒಂದನ್ನು ನೋಡಿದವರು ಇನ್ನೊಂದರ ತೀರ್ಪಿನ ಮೇಲೆ ಕೂಗಾಡಿದರು.

ಇದು ಹೇಗಾಯಿತು ಎನ್ನುವುದಕ್ಕೆ ಮೊದಲು ಜ್ಯೂರಿಯವರ ಪಾಡನ್ನು ತಿಳಿಯಬೇಕು. ಅಲ್ಲಿನ ಪದ್ಧತಿಯಲ್ಲಿ ಆರೋಪ ಸಾಬೀತಾಯಿತೋ ಇಲ್ಲವೋ ಎಂದು ಹೇಳುವವರು ಜನಸಾಮಾನ್ಯರಿಂದ ಆರಿಸಿದ ಹನ್ನೆರಡು ಮಂದಿಯೇ ಹೊರತು ನ್ಯಾಯಾಧೀಶರಲ್ಲ. ಹೊರಗಿನ ಗದ್ದಲ ಅವರ ಕಿವಿಗೆ ಬೀಳಬಾರದೆಂದು ಅವರನ್ನು 265 ದಿನ ಹೋಟೆಲೊಂದರಲ್ಲಿ ಕಾವಲಿನಲ್ಲಿ ಇರಿಸಲಾಗಿತ್ತು. ಪತ್ರಿಕೆಗಳು ಅವರ ಕೈ ಸೇರುವ ಮುನ್ನ ಮೊಕದ್ದಮೆಯ ಸುದ್ದಿಗೆಲ್ಲ ಕತ್ತರಿ ಬೀಳುತ್ತಿತ್ತು. 1995ರ ಏಪ್ರಿಲ್‌ನಲ್ಲಿ, ತಮ್ಮ ಕಾವಲಿನವರಲ್ಲಿ ಕೆಲವರನ್ನು ನ್ಯಾಯಾಧೀಶರು ಬದಲಾಯಿಸಿದರೆಂದು ಸಿಟ್ಟಾಗಿ, ಅವರಲ್ಲಿ ಬಹುಪಾಲು ಮಂದಿ ಕಪ್ಪು ಬಟ್ಟೆ ಧರಿಸಿ ನ್ಯಾಯಾಲಯಕ್ಕೆ ಬಂದರು. ವಿಚಾರಣೆ ಮುಗಿಯುವಷ್ಟರಲ್ಲಿ ಹತ್ತು ಮಂದಿಯನ್ನು ಬೇರೆ ಬೇರೆ ಕಾರಣಕ್ಕೆ ಕೈಬಿಟ್ಟು, ಬದಲಿಗೆಂದು ಕಾದಿರಿಸಿದ್ದವರನ್ನು ಕೂರಿಸಬೇಕಾಯಿತು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಸಿಂಪ್ಸನ್ ಮನೆಯ ಆವರಣದಲ್ಲಿ ರಕ್ತಸಿಕ್ತ ಕೈಗವಸನ್ನು ಪತ್ತೆ ಹಚ್ಚಿದವರು ಮಾರ್ಕ್ ಫರ್ಮನ್ ಎಂಬ ಪೊಲೀಸ್ ಪತ್ತೇದಾರ. ಮಾರ್ಚ್‌ನಲ್ಲಿ ನಡೆದ ಪಾಟೀಸವಾಲಿನಲ್ಲಿ ಪ್ರತಿವಾದಿ ವಕೀಲ ಎಫ್. ಲೀ ಬೈಲಿ, ಕಳೆದ ಹತ್ತು ವರ್ಷಗಳಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಆ ಕುಖ್ಯಾತ ಪದವನ್ನು ನೀವು ಬಳಸಿದ್ದೀರಾ ಎಂದು ಕೇಳಿದರು. ಪ್ರಮಾಣ ಮಾಡಿದ್ದ ಫರ್ಮನ್ ಇಲ್ಲವೆಂದರು. ಬೇಸಿಗೆಯಲ್ಲಿ ಪ್ರತಿವಾದಿಗಳ ಕೈಗೆ ಕೆಲವು ಧ್ವನಿಸುರುಳಿಗಳು ಸಿಕ್ಕವು. ಚಿತ್ರಕಥೆ ಬರೆಯುತ್ತಿದ್ದ ಮಹಿಳೆಯೊಬ್ಬರಿಗೆ ವರ್ಷಗಳ ಕಾಲ ಪೊಲೀಸ್ ಜೀವನದ ಬಗ್ಗೆ ಹೇಳುತ್ತ ಹೋಗಿದ್ದ ಇದೇ ಫರ್ಮನ್, ಆ ಪದವನ್ನು ನಲವತ್ತಕ್ಕೂ ಹೆಚ್ಚು ಸಲ ಬಳಸಿದ್ದರು. ಆರೋಪಿಗಳನ್ನು ಹೊಡೆಯುವ ಮಾತು, ಸಾಕ್ಷ್ಯವನ್ನು ಸೃಷ್ಟಿಸುವ ಮಾತು ಎಲ್ಲವೂ ಅದರಲ್ಲಿದ್ದವು. ನ್ಯಾಯಾಧೀಶ ಲಾನ್ಸ್ ಇಟೊ ಅವರ ಪತ್ನಿ ಅದೇ ಪೊಲೀಸ್ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು. ಆಕೆಯ ಬಗೆಗೂ ಸುರುಳಿಗಳಲ್ಲಿ ಹಗುರ ಮಾತುಗಳಿದ್ದುದರಿಂದ ಇಟೊ ತೆರೆದ ನ್ಯಾಯಾಲಯದಲ್ಲೇ ಗದ್ಗದಿತರಾದರು. ತಾವು ಈ ಮೊಕದ್ದಮೆಯಲ್ಲಿ ಮುಂದುವರಿಯಬಹುದೇ ಎಂಬ ಪ್ರಶ್ನೆಯೂ ಎದ್ದು, ಆಕೆಯ ಸಾಕ್ಷ್ಯದ ಅಗತ್ಯವಿಲ್ಲವೆಂದು ಇನ್ನೊಬ್ಬ ನ್ಯಾಯಾಧೀಶರು ಹೇಳಿದ ಮೇಲೆ ವಿಚಾರಣೆ ಸಾಗಿತು.

ಆಗಸ್ಟ್ 29ರಂದು ಸುರುಳಿಗಳನ್ನು ನ್ಯಾಯಾಲಯದಲ್ಲಿ ಕೇಳಿಸಲಾಯಿತು. ಕ್ಯಾಮೆರಾ ಅದನ್ನು ನೇರವಾಗಿ ದೇಶಕ್ಕೆಲ್ಲ ತಲುಪಿಸಿತು. ಮನೆಯಲ್ಲಿ ಕುಳಿತವರು, ಅಂಗಡಿಯಲ್ಲಿ ನಿಂತವರು, ಕಚೇರಿಯಲ್ಲಿ ಕೆಲಸ ಬಿಟ್ಟು ಟಿವಿ ಮುಂದೆ ನೆರೆದವರು ಎಲ್ಲರೂ ಕೇಳಿದರು. ಕೇಳದೇ ಉಳಿದವರೆಂದರೆ ತೀರ್ಪು ಹೇಳಬೇಕಾದ ಆ ಹನ್ನೆರಡು ಮಂದಿ! ಅವರನ್ನು ಹೊರಗಿಟ್ಟೇ ಅದನ್ನು ಕೇಳಿಸಲಾಗಿತ್ತು. ಕೊನೆಗೆ ಇಟೊ ಜ್ಯೂರಿಗೆ ತಲುಪಿಸಲು ಒಪ್ಪಿದ್ದು ಎರಡೇ ಎರಡು ತುಣುಕುಗಳನ್ನು. ಅದಾದ ಮೇಲೆ ಸೆಪ್ಟೆಂಬರ್ 6ರಂದು ಫರ್ಮನ್ ಮತ್ತೆ ಕಟಕಟೆಗೆ ಬಂದಾಗ, ಈ ಮೊಕದ್ದಮೆಯಲ್ಲಿ ನೀವು ಸಾಕ್ಷ್ಯವನ್ನು ಸೃಷ್ಟಿಸಿದಿರಾ ಅಥವಾ ತಂದಿಟ್ಟಿರಾ ಎಂದು ಪ್ರತಿವಾದಿ ವಕೀಲರು ನೇರವಾಗಿ ಕೇಳಿದರು. ಸಂವಿಧಾನ ಕೊಟ್ಟ ಮೌನದ ಹಕ್ಕನ್ನು ಮುಂದಿಟ್ಟು ಫರ್ಮನ್ ಉತ್ತರ ಹೇಳಲು ನಿರಾಕರಿಸಿದರು. ದೇಶ ಉಸಿರು ಬಿಗಿಹಿಡಿದು ನೋಡಿದ ಆ ಗಳಿಗೆಯಲ್ಲೂ ಜ್ಯೂರಿ ಒಳಗಿರಲಿಲ್ಲ. ಮರುವರ್ಷ ಸುಳ್ಳು ಸಾಕ್ಷಿಯ ಆರೋಪವನ್ನು ಫರ್ಮನ್ ಪ್ರಶ್ನಿಸದೆ ಒಪ್ಪಿಕೊಂಡು ಶಿಕ್ಷೆಗೆ ಒಳಗಾದರು.

ಜ್ಯೂರಿಗೆ ಹೀಗೆ ಕೇಳಿಸದೆ ಹೋದದ್ದರಿಂದ ನಷ್ಟವಾದದ್ದು ಆರೋಪಿಗೆ ಮಾತ್ರ ಎಂದು ಯಾರೂ ಭಾವಿಸಬಾರದು. 1994ರ ಜೂನ್ 17ರ ಸಂಜೆ ಸಿಂಪ್ಸನ್ ಬಿಳಿ ಬ್ರಾಂಕೊ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹೆದ್ದಾರಿಯಲ್ಲಿ ಸಾಗಿದ್ದನ್ನು, ಪೊಲೀಸ್ ವಾಹನಗಳ ಸಾಲು ಬೆನ್ನಟ್ಟಿದ್ದನ್ನು ಸುಮಾರು 9.5 ಕೋಟಿ ಜನ ನೋಡಿದ್ದರು. "ತಪ್ಪು ಮಾಡದವನು ಓಡುತ್ತಾನೆಯೇ?" ಎಂದು ಜನ ಅಂದೇ ತೀರ್ಪು ಕೊಟ್ಟಾಗಿತ್ತು. ಆದರೆ ಸರ್ಕಾರಿ ವಕೀಲರು ಆ ಬೆನ್ನಟ್ಟುವಿಕೆಯನ್ನಾಗಲಿ, ಕಾರಿನಲ್ಲಿ ಸಿಕ್ಕ ಪಾಸ್‌ಪೋರ್ಟ್ ಮತ್ತು ವೇಷ ಮರೆಸುವ ಗಡ್ಡವನ್ನಾಗಲಿ ಜ್ಯೂರಿಯ ಮುಂದೆ ಸಾಕ್ಷ್ಯವಾಗಿ ಇಡಲೇ ಇಲ್ಲ. ಜ್ಯೂರಿ ಕಂಡದ್ದು ರಕ್ತದ ಮಾದರಿಗಳ ಬಗ್ಗೆ ತಜ್ಞರ ವಾರಗಟ್ಟಲೆ ವಿವರಣೆಯನ್ನು, ಆ ಮಾದರಿಗಳನ್ನು ಸಂಗ್ರಹಿಸಿದವರ ಅಜಾಗರೂಕತೆಯನ್ನು, ಮತ್ತು 1995ರ ಜೂನ್ 15ರಂದು ತಮ್ಮ ಕಣ್ಣೆದುರೇ ಸಿಂಪ್ಸನ್‌ನ ಕೈಗೆ ಹಿಡಿಯದೆ ಹೋದ ಕೈಗವಸನ್ನು. ಅದನ್ನು ತೊಡಿಸಿ ನೋಡಿ ಎಂದವರು ಸರ್ಕಾರಿ ವಕೀಲರೇ. ಅಂಥ ಪ್ರಯೋಗವನ್ನು ಮೊದಲೇ ಖಾತ್ರಿ ಮಾಡಿಕೊಳ್ಳದೆ ಮಾಡಬಾರದೆಂದು ವಕೀಲಿಕೆಗೆ ಹೊಸದಾಗಿ ಬಂದ ಹುಡುಗನೂ ಹೇಳುತ್ತಾನೆ. ಜ್ಯೂರಿ ನಾಲ್ಕು ಗಂಟೆಯೊಳಗೆ ಒಮ್ಮತಕ್ಕೆ ಬಂದಿತು. ಒಂಬತ್ತು ತಿಂಗಳು ಟಿವಿ ನೋಡಿದ್ದ ಜನರಿಗೆ ಅದೇ ದೊಡ್ಡ ಅವಮಾನವಾಯಿತು.

ಮಾತು ಬೆಳೆದು ಸಮಯ ಕಡಿಮೆಯಾಗಿದೆ, ಆದ್ದರಿಂದ ಜನಾಂಗದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕಪ್ಪು ಜನರಾಗಿದ್ದರು ಎಂಬುದನ್ನೇ ಹಿಡಿದು ಆಡಿಕೊಂಡವರು, ಅದೇ ನಗರದಲ್ಲಿ 1991ರಲ್ಲಿ ರಾಡ್ನಿ ಕಿಂಗ್‌ನನ್ನು ಪೊಲೀಸರು ಹೊಡೆಯುವ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿದ್ದರೂ 1992ರಲ್ಲಿ ಜ್ಯೂರಿ ಆ ಪೊಲೀಸರನ್ನು ಬಹುತೇಕ ಎಲ್ಲ ಆರೋಪಗಳಿಂದ ಖುಲಾಸೆ ಮಾಡಿತ್ತೆಂಬುದನ್ನು, ಆ ಬಳಿಕದ ಗಲಭೆಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರೆಂಬುದನ್ನು ನೆನಪಿಸಿಕೊಳ್ಳಲಿಲ್ಲ. ಕೇಕೆ ಹಾಕಿದವರೂ ಸಿಂಪ್ಸನ್ ಎಂಬ ವ್ಯಕ್ತಿಗಾಗಿ ಹಾಕಲಿಲ್ಲ, ಫರ್ಮನ್ ಬಾಯಿಂದ ತಾವು ಕಿವಿಯಾರೆ ಕೇಳಿದ್ದಕ್ಕಾಗಿ ಹಾಕಿದರು. ಅದೂ ಟಿವಿಯ ವಿಚಾರಣೆಯೇ, ಜ್ಯೂರಿಯದಲ್ಲ.

ಇನ್ನು ಸಿವಿಲ್ ದಾವೆ. ಸತ್ತವರ ಕುಟುಂಬದವರು ಹೂಡಿದ ಆ ದಾವೆಯ ವಿಚಾರಣೆ 1996ರಲ್ಲಿ ಸಾಂಟಾ ಮೋನಿಕಾದಲ್ಲಿ ಆರಂಭವಾಯಿತು. ಅಲ್ಲಿ ಸಂಶಯಾತೀತವಾಗಿ ಸಾಬೀತುಪಡಿಸುವ ಹೊರೆ ಇರಲಿಲ್ಲ, ಸಾಕ್ಷ್ಯ ಯಾವ ಕಡೆ ಹೆಚ್ಚು ತೂಗುತ್ತದೆಂದು ನೋಡಿದರೆ ಸಾಕಿತ್ತು. ಮೊದಲ ಜ್ಯೂರಿಗೆ ಸಿಗದಿದ್ದ ಎರಡು ಸಂಗತಿಗಳು ಈ ಜ್ಯೂರಿಗೆ ಸಿಕ್ಕವು. ಸಿಂಪ್ಸನ್ ಸ್ವತಃ ಸಾಕ್ಷಿ ಹೇಳಲೇಬೇಕಾಯಿತು. ಕೊಲೆಯ ಸ್ಥಳದಲ್ಲಿ ಗುರುತು ಮೂಡಿಸಿದ್ದ ಬ್ರೂನೊ ಮಾಲಿ ಬೂಟುಗಳು ತನ್ನವಲ್ಲವೆಂದು ಆತ ಹೇಳಿದ ಮೇಲೆ, ಅಂಥವೇ ಬೂಟು ತೊಟ್ಟು ಆತ ನಿಂತಿರುವ ಛಾಯಾಚಿತ್ರ ಹೊರಬಂತು, ವಿಚಾರಣೆ ನಡೆಯುತ್ತಿರುವಾಗಲೇ ಇನ್ನೂ ಮೂವತ್ತು ಚಿತ್ರಗಳು ಸಿಕ್ಕವು. 1997ರ ಫೆಬ್ರುವರಿ 4ರ ರಾತ್ರಿ, ಅಧ್ಯಕ್ಷ ಕ್ಲಿಂಟನ್ ಸಂಸತ್ತಿನಲ್ಲಿ ವಾರ್ಷಿಕ ಭಾಷಣ ಮಾಡುತ್ತಿದ್ದ ಹೊತ್ತಿಗೇ ತೀರ್ಪು ಬಂದು, ಸಿಂಪ್ಸನ್ ಎರಡೂ ಸಾವುಗಳಿಗೆ ಹೊಣೆಯೆಂದಾಯಿತು. ಪರಿಹಾರ ಮತ್ತು ದಂಡದ ಮೊತ್ತ ಕೊನೆಗೆ 3.35 ಕೋಟಿ ಡಾಲರ್ ಆಯಿತು. ಬಿಳಿಯರಲ್ಲಿ ಬಹಳ ಮಂದಿ ಈಗ ನ್ಯಾಯ ಸಿಕ್ಕಿತೆಂದರು. ಈ ನ್ಯಾಯಾಧೀಶರು ಕ್ಯಾಮೆರಾವನ್ನು ಒಳಗೆ ಬಿಟ್ಟಿರಲಿಲ್ಲವಾದ್ದರಿಂದ, ಹಾಗೆಂದವರಾರೂ ಆ ವಿಚಾರಣೆಯನ್ನು ಟಿವಿಯಲ್ಲಿ ಒಂದು ದಿನವೂ ನೋಡಿರಲಿಲ್ಲ. ನಮಸ್ಕಾರ.