ಪೆಟ್ಟಿಗೆ ಬಿಚ್ಚಿದ ಮೇಲೆ

ಕೇಳುಗರೇ, ನಮಸ್ಕಾರ. ಕೊಳ್ಳುವುದೇ ಈಗ ನಮ್ಮ ಹೊಸ ಧರ್ಮ ಅನ್ನುವ ಮಾತಿದೆಯಲ್ಲ, ಇವತ್ತು ಅದರ ಬಗ್ಗೆ.

1913ರಲ್ಲಿ ನ್ಯೂಯಾರ್ಕಿನಲ್ಲಿ ವುಲ್ವರ್ತ್ ಕಟ್ಟಡ ಎದ್ದು ನಿಂತಿತು. ಆಗ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡ. ಐದು ಸೆಂಟು, ಹತ್ತು ಸೆಂಟಿನ ಸಾಮಾನು ಮಾರಿದ ಅಂಗಡಿಗಳ ದುಡ್ಡಿನಲ್ಲಿ ಕಟ್ಟಿದ್ದು. ಕಮಾನು, ಗೋಪುರ ಎಲ್ಲ ಹಳೆಯ ಚರ್ಚುಗಳ ಹಾಗೆಯೇ. 'ವ್ಯಾಪಾರದ ಮಹಾಚರ್ಚು' ಅಂತ ಅದಕ್ಕೆ ಹೆಸರು ಬಿತ್ತು. ಹಾಗೆ ಕರೆದವರು ವ್ಯಾಪಾರಿಯಲ್ಲ, ಪಾದ್ರಿ ಕ್ಯಾಡ್ಮನ್. ಅದೂ ಮೆಚ್ಚಿಕೊಂಡು ಹೇಳಿದ ಮಾತು.

ಬರೀ ಕಟ್ಟಡದ ವಿಷಯವಾಗಿದ್ದರೆ ನನಗೆ ಇಷ್ಟು ಕಾಡುತ್ತಿರಲಿಲ್ಲ. ಈಗ ಹಬ್ಬಗಳೂ ಅಂಗಡಿಯಿಂದಲೇ ಬರುತ್ತಿವೆ. ಚೀನಾದಲ್ಲಿ ಆನ್‌ಲೈನ್ ಮಾರಾಟದ ಅಲಿಬಾಬಾ ಕಂಪನಿ ನವೆಂಬರ್ 11ರ ರಿಯಾಯಿತಿ ಮಾರಾಟ ಶುರುಮಾಡಿದ್ದು 2009ರಲ್ಲಿ. ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ಜನ ಆ ದಿನಕ್ಕಾಗಿ ಕಾಯತೊಡಗಿದರು.

ಕಾಯುವುದರಲ್ಲೇ ಈ ಕೊಳ್ಳುವಿಕೆಯ ಶಕ್ತಿ ಇದೆ ಅಂತ ನನಗೆ ತಿಳಿದದ್ದು ಅಪ್ಪ ತೀರಿಕೊಂಡಾಗ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸುಮ್ನೆ ಫೋನು ಹಿಡಿದು ಏನೇನೋ ಕೊಳ್ಳುತ್ತಿದ್ದೆ. ಚಪ್ಪಲಿ, ದೀಪ, ಗಡಿಯಾರ. ಪೆಟ್ಟಿಗೆ ಬರುವವರೆಗೆ ಮನಸ್ಸಿಗೆ ಏನೋ ಒಂದು ಆಸರೆ. ಬಿಚ್ಚಿದ ಅರ್ಧ ಗಂಟೆಗೆ ಮತ್ತೆ ಅದೇ ಸಂಕಟ. ಆಗ ಇನ್ನೊಂದು ಪೆಟ್ಟಿಗೆ.

1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನಃಶಾಸ್ತ್ರಜ್ಞರು ಇದರ ಬಗ್ಗೆಯೇ ಬರೆದರು. ಹೊಸದು ಏನೇ ಸಿಕ್ಕರೂ ಮನಸ್ಸು ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ಖುಷಿ ಹಳೆಯ ಮಟ್ಟಕ್ಕೇ ಇಳಿಯುತ್ತದೆ ಎಂದರು. ನಿಂತಲ್ಲೇ ಓಡಿದ ಹಾಗೆ, ಅಲ್ವಾ?

ಧರ್ಮಗಳಲ್ಲಿ ತಪ್ಪುಗಳಿಲ್ಲ ಅಂತ ನಾನು ಹೇಳುತ್ತಿಲ್ಲ. ಜಾಸ್ತಿಯೇ ಇವೆ. ಆದರೆ ಅವುಗಳಿಗೆ 'ಸಾಕು' ಅನ್ನುವ ಮಾತು ಗೊತ್ತಿತ್ತು. ಉಪವಾಸ ಅಂದರೆ ಸಾಕು. ಯಹೂದಿಗಳ ಸಬ್ಬತ್ ದಿನ ಕೆಲಸವೂ ಇಲ್ಲ, ಕೊಡು-ಕೊಳ್ಳುವುದೂ ಇಲ್ಲ. ವಾರಕ್ಕೊಂದು ದಿನ, ಇರುವುದರಲ್ಲೇ ಇರು ಅಂತ. ಅಂಗಡಿ ಈ ಮಾತು ಹೇಳುವ ಹಾಗೇ ಇಲ್ಲ. ನಮಗೆ ಸಾಕು ಅನ್ನಿಸಿದ ದಿನ ಅದು ಬಾಗಿಲು ಹಾಕಬೇಕಾಗುತ್ತದೆ.

ಅಂಗಡಿಯ ಇನ್ನೊಂದು ಕೊರತೆ ನನಗೆ ಇದಕ್ಕಿಂತ ದೊಡ್ಡದು. ಅಪ್ಪ ಹೋದ ವಾರ ಮನೆ ತುಂಬ ಜನ ಇದ್ದರು. ಕೆಲವರ ಪರಿಚಯವೂ ನನಗಿರಲಿಲ್ಲ. ಅಪ್ಪ ಪ್ರಾರ್ಥನೆಗೆ ಹೋಗುತ್ತಿದ್ದ ಕಡೆ ಅವರ ಜೊತೆ ಕೂರುತ್ತಿದ್ದವರಂತೆ. ಒಬ್ಬರು ಅಡುಗೆ ಮಾಡಿದರು. ಇನ್ನೊಬ್ಬರು ಏನೂ ಮಾತಾಡದೆ ಅಮ್ಮನ ಪಕ್ಕ ಮಧ್ಯಾಹ್ನವೆಲ್ಲ ಕೂತಿದ್ದರು. ನಾನು ಸಾಮಾನು ಕೊಳ್ಳುವ ಜಾಗದಲ್ಲಿ ನನ್ನ ಹಾಗೇ ಲಕ್ಷಾಂತರ ಜನ ಕೊಳ್ಳುತ್ತಾರೆ. ಅವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ.